ಪಾಂ ಗೋತ್ರ, ಲಾಂ ಗೋತ್ರ

ಪಕ್ಕದ ಮನೆ ಅಕ್ಕನ ರಂಗೋಲಿ ಸೊಟ್ಟಗಾದದ್ದನ್ನು ಮೊದಲು ಕಂಡವಳು ನಾನೇ. ಹದಿನೈದು ಚುಕ್ಕಿಯಿಂದ ಹಿಡಿದು ಎಂಟಕ್ಕೆ ಇಳಿಸುವ ಕೈ ಅವರದು. ಧನುರ್ಮಾಸ ಬಂತೆಂದರೆ ಐದು ಗಂಟೆಗೆಲ್ಲ ಬಾಗಿಲಿಗೆ ನೀರು ಹಾಕಿ ರಸ್ತೆ ತುಂಬ ಬಿಡಿಸಿಬಿಡುತ್ತಾರೆ, ಹಾಲಿನ ಹುಡುಗ ಸೈಕಲ್ ಎತ್ತಿಕೊಂಡು ದಾಟಬೇಕು. ಅವತ್ತು ಎದ್ದದ್ದೇ ಏಳೂವರೆಗೆ. ಚುಕ್ಕಿ ಸಾಲು ಹೊಸಿಲಿನಿಂದ ಹೊರಟು ನೆಟ್ಟಗೆ ಮೋರಿಯ ಕಡೆ ನಡೆದಿತ್ತು. ಒಂದು ಕಡೆ ಪುಡಿ ಗುಪ್ಪೆಯಾಗಿ ಬಿದ್ದಿತ್ತು. ಕೂತಲ್ಲೇ ತೂಕಡಿಸಿ ಕೈ ಸಡಿಲ ಬಿಟ್ಟ ಗುರುತು.

ಹನ್ನೊಂದರ ಹೊತ್ತಿಗೆ ನೆನೆಸಿದ ಅವರೆಕಾಳಿನ ಪಾತ್ರೆ ತಂದು ಕಾಂಪೌಂಡ್ ಗೋಡೆ ಮೇಲಿಟ್ಟರು. ಎದೆಮಟ್ಟದ ಗೋಡೆ. ಆ ಕಡೆ ಅವರು, ಈ ಕಡೆ ನಾನು. ಕೋಲಾರದಲ್ಲಿ ಈ ಕಾಲಕ್ಕೆ ಹರಟೆ ಹೊಡೆಯುವುದು ಅಂದರೆ ಅವರೆಕಾಳು ಹಿತುಕುವುದು ಅಂತಲೇ ಅರ್ಥ. ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ಜಾರಿ ಪಾತ್ರೆಗೆ ಬೀಳುತ್ತದೆ. ಕೈಗೆ ಕೆಲಸ, ಬಾಯಿಗೆ ಬಿಡುವು.

"ಯಾಕಕ್ಕ, ಬೆಳಿಗ್ಗೆ ಚುಕ್ಕಿಗಳೆಲ್ಲ ಎಲ್ಲೋ ಹೊರಟಿದ್ವು?"

"ನೋಡ್ಬಿಟ್ರಾ ಮೇಡಮ್ಮೋರೆ? ಕಣ್ಣೇ ಬಿಡಕ್ಕಾಗಲ್ಲ. ನಿದ್ದೆ ಇಲ್ಲ ಅಂತ ಮಾತ್ರೆ ತಗೊಂಡೆ, ಈಗ ಎಚ್ಚರ ಇಲ್ಲ."

"ಎಷ್ಟು ಮಾತ್ರೆ?"

ಕೈಯಲ್ಲಿದ್ದ ಬೇಳೆಯನ್ನೇ ತೋರಿಸಿದರು. "ರಾತ್ರಿಗೆ ಇಷ್ಟಾಗತ್ತೆ." ಹಿಡಿಗೆ ಸ್ವಲ್ಪ ಕಮ್ಮಿ.

ಅಕ್ಕನ ನಿದ್ದೆ ಹೋದದ್ದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಗಂಡನ ಮನೆಯದು ಟೊಮೇಟೊ, ತವರು ಶ್ರೀನಿವಾಸಪುರದ ಕಡೆ, ಮಾವಿನ ತೋಪು. ಇವೆರಡನ್ನೂ ಒಟ್ಟಿಗೆ ಕಟ್ಟಿಕೊಂಡವರಿಗೆ ಎದೆ ಡವಡವ ಎನ್ನದಿದ್ದರೆ ಅದು ಕಾಯಿಲೆ. 2023ರ ಜುಲೈನಲ್ಲಿ ನಮ್ಮ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿದಾಗ ಭಾವ ಕಳ್ಳರಿಗೆ ಹೆದರಿ ತೋಟದಲ್ಲೇ ಮಂಚ ಹಾಕಿಕೊಂಡು ಕಾವಲು ಮಲಗಿದರು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ಮಕಾಡೆ ಮಲಗಿತು. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರಗಿನ ತೋತಾಪುರಿ ಒಳಗೆ ಬರಬಾರದು ಎಂದು ತಡೆ ಹಾಕಿತಲ್ಲ, ಆಗ ತವರಿನ ಸರದಿ. ಬೆಲೆ ಏರಿದರೂ ನಿದ್ದೆ ಇಲ್ಲ, ಇಳಿದರೂ ನಿದ್ದೆ ಇಲ್ಲ.

ಆಮೇಲೆ ನಡುರಾತ್ರಿ ಎದ್ದು ಕೂರುವುದು, ಬೆವರು, ಉಸಿರು ಕಟ್ಟಿದ ಹಾಗೆ, ಈಗಲೇ ಪ್ರಾಣ ಹೋಯಿತು ಅನ್ನುವ ಗಾಬರಿ. ಮೂರು ಸಲ ಇಸಿಜಿ ಆಯಿತು. ಮೂರು ಸಲವೂ "ಗ್ಯಾಸು" ಎಂದು ಕಳಿಸಿದರು. ನಮ್ಮ ಕಡೆ ಗ್ಯಾಸು ಅನ್ನುವುದು ಒಂದು ದೊಡ್ಡ ಗೋಣಿಚೀಲ. ಹೆಸರು ಗೊತ್ತಿಲ್ಲದ್ದನ್ನೆಲ್ಲ ಅದರೊಳಗೆ ತುಂಬಬಹುದು. ಕೊನೆಗೆ ಮಗ ಕೋಲಾರದಲ್ಲೇ ಒಬ್ಬ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದ. "ತಲೆ ಡಾಕ್ಟರ ಹತ್ರ ಹೋಗಿದ್ದೆ ಅಂತ ಯಾರ್ಗೂ ಹೇಳ್ಬೇಡಿ" ಎಂದು ನನಗೆ ಅಕ್ಕ ಹೇಳಿದ್ದು ಇದೇ ಗೋಡೆಯ ಮೇಲೆ. ನಮ್ಮ ಬೀದಿಯವರಿಗೆಲ್ಲ ಅಕ್ಕ ತಾವೇ ಹೇಳಿದ್ದು ಆಮೇಲಿನ ಮಾತು.

ಆ ವೈದ್ಯರು ಎರಡು ಔಷಧ ಒಟ್ಟಿಗೆ ಕೊಟ್ಟಿದ್ದರು. ಎರಡು ಯಾಕೆ ಎಂದು ನಾನು ಕೇಳಿದಾಗ ಅಕ್ಕ ಕೊಟ್ಟ ವಿವರಣೆ, ನಲವತ್ತು ವರ್ಷ ಪಾಠ ಮಾಡಿದ ನನಗೂ ಹೊಳೆಯುವಂಥದ್ದಲ್ಲ.

"ಮಾವಿನ ಸಸಿ ಇಟ್ಟ ವರ್ಷಾನೇ ಕಾಯಿ ಬಿಡ್ತದಾ? ಇಲ್ಲ. ಅಲ್ಲೀ ತನಕ ಹೊಟ್ಟೆಗೇನ್ ಮಾಡೋದು? ಸಾಲಿನ ಮಧ್ಯೆ ಕಡ್ಲೆಕಾಯೋ ಹುರುಳೀನೋ ಹಾಕ್ತೀವಿ. ಗಿಡ ನೆರಳು ಕಟ್ಟಿದ್ ಮೇಲೆ ಬಿಟ್ಬಿಡ್ತೀವಿ. ಒಂದು ಮಾತ್ರೆ ಮಾವು, ಒಂದು ಹುರುಳಿ."

ಮಾವು ಅಂದರೆ ಎಸಿಟಲೋಪ್ರಾಂ. ಆತಂಕಕ್ಕೆ ನಿಜವಾದ ಮದ್ದು ಅದೇ, ಆದರೆ ನಿಧಾನದ್ದು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಹಿಡಿಯಲು ಇನ್ನೂ ಹೆಚ್ಚು. ಮೊದಲ ಕೆಲವು ದಿನ ಕೆಲವರಿಗೆ ಗಾಬರಿ ಒಂದು ಕೈ ಜಾಸ್ತಿಯೇ ಆಗುತ್ತದೆ. ಆ ಸಂದನ್ನು ದಾಟಿಸುವುದಕ್ಕೆ ಹುರುಳಿ, ಅಂದರೆ ಕ್ಲೋನಜೆಪಾಂ. ನುಂಗಿದ ಒಂದು ಗಂಟೆಯೊಳಗೆ ಎದೆ ಸಮಾಧಾನವಾಗುತ್ತದೆ. ಕೆಲವು ವಾರ ಕೊಟ್ಟು ಮೆಲ್ಲಗೆ ಇಳಿಸಿ ಬಿಡಿಸುವ ಉದ್ದೇಶದ್ದು ಅದು. ಹಾಗಾಗಿ ಎರಡು ಮಾತ್ರೆ ಜೊತೆಗೆ ಕೊಟ್ಟದ್ದೇ ತಪ್ಪು ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಲೆಕ್ಕ ಹಾಕಿ ಕೊಟ್ಟ ಜೋಡಿ ಅದು. ಲೆಕ್ಕ ತಪ್ಪಿದ್ದು ಆಮೇಲೆ, ಬೇರೆ ಊರುಗಳಲ್ಲಿ.

"ಅದಿರ್ಲಿ, ಉಳಿದವು ಎಲ್ಲಿಂದ ಬಂದ್ವು?"

"ಸಣ್ಣ ಕಥೆ" ಎಂದರು. ಮಗಳ ಮನೆ ಮಾಲೂರು ತಾಲ್ಲೂಕು, ಮಾಸ್ತಿಯವರ ಸೀಮೆ. ಅಲ್ಲಿಂದ ಬರುವ ಕಥೆ ಸಣ್ಣದಿರುತ್ತದೆಂದು ನಂಬಿ ಕೂತೆ. ಬೇಳೆ ಅರ್ಧ ಪಾತ್ರೆ ಆದರೂ ಮುಗಿಯಲಿಲ್ಲ.

ಬಾಣಂತನಕ್ಕೆ ಮಗಳ ಮನೆಗೆ ಹೋದಾಗ ಮಗುವಿನ ಅಳುವಿಗೆ ನಿದ್ದೆ ಕೆಟ್ಟು, ಅಲ್ಲಿ ಒಬ್ಬ ವೈದ್ಯರಿಗೆ ತೋರಿಸಿದರು. ಅವರು ಆಲ್‌ಪ್ರಜೋಲಾಂ ಬರೆದರು. ಕೋಲಾರದ ಮಾತ್ರೆ ವಿಷಯ ಅಕ್ಕ ಹೇಳಲಿಲ್ಲ. ಬೀಗರ ಮನೆ ಪಕ್ಕದಲ್ಲೇ ಇತ್ತು, ತಲೆ ಡಾಕ್ಟರ ಸುದ್ದಿ ಎತ್ತುವುದು ಹೇಗೆ? ಮುಳಬಾಗಿಲಿನಲ್ಲಿ ಅವರಕ್ಕ ಇದ್ದಾರೆ. ಆಂಜನೇಯನ ದರ್ಶನಕ್ಕೆ ಹೋದವರು ದೋಸೆ ತಿಂದು, ಹಾಗೇ ಒಬ್ಬ ಮೂಳೆ ಡಾಕ್ಟರಿಗೆ ಮಂಡಿ ತೋರಿಸಿಕೊಂಡು ಬಂದರು. ನೋವಿನ ಮಾತ್ರೆ ಬಂತು. ಶ್ರೀನಿವಾಸಪುರದಿಂದ ತಮ್ಮ ಅಶ್ವಗಂಧದ ಲೇಹ್ಯ ಕಳಿಸಿದ, ಬಾಟಲಿಯ ಮೇಲೆ ಕುದುರೆ ಚಿತ್ರ. ಜೊತೆಗೆ ಈ ಚಳಿಗೆ ನೆಗಡಿ ಮಾತ್ರೆ, ಅದು ಮನೆಯಲ್ಲೇ ಇತ್ತು. ಹೀಗೆ ನಾಲ್ಕು ಊರು ಸೇರಿ ರಾತ್ರಿ ಒಂಬತ್ತಕ್ಕೆ ಅಕ್ಕನ ಹೊಟ್ಟೆಯಲ್ಲಿ ಸಂತೆ ನಡೆಸುತ್ತಿದ್ದವು. ಒಬ್ಬ ವೈದ್ಯರೂ ದಡ್ಡರಲ್ಲ. ಒಬ್ಬರ ಚೀಟಿ ಇನ್ನೊಬ್ಬರು ನೋಡಿರಲಿಲ್ಲ, ಅಷ್ಟೇ.

"ಡಬ್ಬ ತನ್ನಿ" ಎಂದೆ.

ಬಿಸ್ಕತ್ತಿನ ಹಳೇ ತಗಡಿನ ಡಬ್ಬ ಬಂತು. ಅವರೆಕಾಳು ಸರಿಸಿ ಗೋಡೆಯ ಮೇಲೆ ಸುರಿದೆವು. ಹತ್ತರ ಶೀಟು ಪೂರ್ತಿ ಇದ್ದದ್ದು ಒಂದೋ ಎರಡೋ. ಉಳಿದದ್ದೆಲ್ಲ ಕತ್ತರಿಸಿದ ತುಂಡುಗಳು: ಮೂರು ಮಾತ್ರೆಯದು, ನಾಲ್ಕರದು, ಮೂಲೆಯ ಒಂಟಿ. ಮೆಡಿಕಲ್ ಸ್ಟೋರಿನವರು ಕತ್ತರಿ ಹಾಕಿದಾಗ ಹೆಸರು ಒಂದು ತುಂಡಿಗೆ, ತಾರೀಖು ಇನ್ನೊಂದು ತುಂಡಿಗೆ ಹೋಗುತ್ತದೆ. ಒಂದರ ಬೆನ್ನಲ್ಲಿ ಬರೀ ಬಾಲದ ಮೂರಕ್ಷರ, ಇನ್ನೊಂದರಲ್ಲಿ ಕಂಪನಿಯ ವಿಳಾಸ ಮಾತ್ರ. ಇದ್ದ ಅಕ್ಷರವೂ ಇಂಗ್ಲಿಷು. ಅಕ್ಕ ಕನ್ನಡ ಓದುತ್ತಾರೆ, ತೆಲುಗು ಓದುತ್ತಾರೆ, ಚಿತ್ತೂರು ಮಂಡಿಯ ಪಟ್ಟಿ ಗಂಡನಿಗಿಂತ ಬೇಗ ಓದುತ್ತಾರೆ. ನುಂಗುವ ಮಾತ್ರೆಯ ಹೆಸರು ಮಾತ್ರ ಅವರಿಗೆ ಗೊತ್ತಿರುವ ಎರಡು ಲಿಪಿಯಲ್ಲೂ ಇಲ್ಲ. ಬಿಳಿದು, ಗುಲಾಬಿ, ಸಣ್ಣದು, ಉದ್ದದ್ದು ಎಂದು ಗುರುತು ಇಟ್ಟುಕೊಂಡಿದ್ದರು. ಅಂಗಡಿಯವರು ಕಂಪನಿ ಬದಲಿಸಿದ ತಿಂಗಳು ಗುಲಾಬಿಯದು ಹಳದಿಯಾಗಿ ಬಂದಿತ್ತು. ಹೊಸದಿರಬೇಕೆಂದು ಹಳದಿಯದನ್ನೂ, ಮಿಕ್ಕಿದ್ದ ಗುಲಾಬಿಯದನ್ನೂ ನುಂಗುತ್ತಿದ್ದರು.

ನನಗೆ ಈ ವಿಷಯ ಇಷ್ಟು ಗೊತ್ತಿರುವುದಕ್ಕೆ ಎರಡು ಕಾರಣ. ತಮ್ಮನದು ಮೆಡಿಕಲ್ ಸ್ಟೋರು, ಸಂಜೆ ಹೊತ್ತು ಅಲ್ಲಿ ಕೂರುತ್ತೇನೆ. ರಿಟೈರಾದ ವರ್ಷ ನಾನೂ ಇದೇ ಜೋಡಿ ನುಂಗಿದವಳು. ಅದನ್ನು ಅಕ್ಕನಿಗೆ ಹೇಳಿದ್ದು ಅವತ್ತೇ ಮೊದಲು.

"ಅಕ್ಕ, ಇದರಲ್ಲಿ ಗೋತ್ರ ನೋಡ್ಬೇಕು" ಎಂದೆ.

"ಮಾತ್ರೆಗಾ?"

"ಸಗೋತ್ರದಲ್ಲಿ ಮದುವೆ ಮಾಡ್ತೀರಾ? ಇಲ್ವಲ್ಲ. ಹೆಸರಿನ ಕೊನೇ ಅಕ್ಷರ ನೋಡಿ. ಕ್ಲೋನಜೆಪಾಂ, ಲೊರಾಜೆಪಾಂ, ಡಯಜೆಪಾಂ, ಎಲ್ಲಾ ಪಾಂ. ಆಲ್‌ಪ್ರಜೋಲಾಂ, ಎಟಿಜೋಲಾಂ, ಇವೆಲ್ಲ ಲಾಂ. ಪಾಂ, ಲಾಂ ಎರಡೂ ಅಣ್ಣತಮ್ಮಂದಿರ ಮಕ್ಕಳು, ಒಂದೇ ಗೋತ್ರ. ಕೋಲಾರದಲ್ಲಿ ಪಾಂ ಕೊಟ್ಟವ್ರೆ, ಮಾಲೂರಲ್ಲಿ ಲಾಂ ಕೊಟ್ಟವ್ರೆ. ನೀವು ಎರಡು ಬೇರೆ ಮಾತ್ರೆ ಅಂದ್ಕೊಂಡ್ರಿ. ಒಂದನ್ನೇ ಎರಡರಷ್ಟು ನುಂಗಿದೀರಿ."

ಅಕ್ಕ ಒಂದು ತುಂಡು ಹಿಡಿದು ಬಿಸಿಲಿಗೆ ತೋರಿಸಿದರು. ಪಿ, ಎ, ಎಂ ಎಂದು ನಾನು ಅಕ್ಷರ ಹೇಳಿಕೊಟ್ಟೆ. ಎಲ್, ಎ, ಎಂ. ಇನ್ನೊಂದರಲ್ಲಿ ಆರ್, ಎ, ಎಂ.

"ಇದು ರಾಮ್!"

"ಅದೇ ನಿಮ್ಮ ಮಾವು. ಎಸಿಟಲೋಪ್ರಾಂ. ಅದರ ಗೋತ್ರ ಬೇರೆ."

"ರಾಮ ಅಲ್ವಾ, ನಿಧಾನಸ್ಥ" ಎಂದು ಕಣ್ಣಿಗೊತ್ತಿಕೊಂಡರು. ತಮಾಷೆಗೋ ಭಕ್ತಿಗೋ ತಿಳಿಯಲಿಲ್ಲ.

ಗೋತ್ರದ ಲೆಕ್ಕ ಎಲ್ಲ ಕಡೆ ನಡೆಯುವುದಿಲ್ಲ ಎಂದೂ ಹೇಳಬೇಕಾಯಿತು. ಜೋಲ್ಪಿಡೆಂ ಎಂಬ ನಿದ್ದೆ ಮಾತ್ರೆಗೆ ಪಾಂ, ಲಾಂ ಇಲ್ಲ, ಆದರೆ ಕೆಲಸ ಮಾಡುವುದು ಅದೇ ಜಾಗದಲ್ಲಿ. ಹೆಸರು ಬದಲಿಸಿಕೊಂಡ ದಾಯಾದಿ. ಹೊಟ್ಟೆ ಉರಿಗೆ ಕೊಡುವ ಪ್ಯಾಂಟೊಪ್ರಜೋಲ್‌ಗೂ ಆಲ್‌ಪ್ರಜೋಲಾಂಗೂ ಹೆಸರು ಅಣ್ಣತಮ್ಮನ ಹಾಗೆ ಕೇಳಿಸುತ್ತದೆ, ಸಂಬಂಧವೇ ಇಲ್ಲ. ಇನ್ನೊಂದು ತುಂಡಿನಲ್ಲಂತೂ ರಾಮ್, ಪಾಂ ಎರಡೂ ಅಚ್ಚಾಗಿದ್ದವು. ಅದು ಜೋಡಿ ಮಾತ್ರೆ. ಎಸಿಟಲೋಪ್ರಾಂ 10, ಕ್ಲೋನಜೆಪಾಂ 0.5, ಎರಡನ್ನೂ ಸೇರಿಸಿ ಒಂದೇ ಗುಳಿಗೆ. ನಮ್ಮ ದೇಶದಲ್ಲಿ ಇದು ಧಾರಾಳವಾಗಿ ಸಿಗುತ್ತದೆ. ಒಂದೇ ಗುಟುಕಿಗೆ ಮುಗಿಯಿತೆಂದು ಅನುಕೂಲ ಕಾಣುತ್ತದೆ, ನನಗೆ ಮಾತ್ರ ಅದರ ಮೇಲೆ ಮೊದಲಿನಿಂದ ಸಿಟ್ಟು. ಹುರುಳಿ ಕಿತ್ತು ಮಾವು ಉಳಿಸಿಕೊಳ್ಳಬೇಕಾದಾಗ ಏನು ಮಾಡುತ್ತೀರಿ? ಅರ್ಧ ಮುರಿದರೆ ಎರಡೂ ಅರ್ಧವಾಗುತ್ತದೆ. ಮೇಲಾಗಿ, ಒಳಗೆ ಪಾಂ ಕೂತಿದೆ ಎಂದು ಗೊತ್ತಿಲ್ಲದವರು ಹೊರಗಿನಿಂದ ಇನ್ನೊಂದು ಪಾಂ ನುಂಗುತ್ತಾರೆ.

"0.5 ಅಂದ್ರೆ ಅರ್ಧ ತಾನೆ? ಜ್ವರದ್ದು 650 ಇರ್ತದೆ. ಇದು ಮಕ್ಕಳ ಮಾತ್ರೆ ಅಂದ್ಕೊಂಡಿದ್ದೆ."

ಅಡುಗೆಮನೆಯ ಮಾತಿನಲ್ಲೇ ಹೇಳಿದೆ. ಬಜ್ಜಿ ಮೆಣಸಿನಕಾಯಿ ಗೇಣುದ್ದ ಇರುತ್ತದೆ, ಸೂಜಿ ಮೆಣಸು ಉಗುರಿನಷ್ಟು. ಯಾವುದಕ್ಕೆ ಹೆದರುತ್ತೀರಿ? ಕ್ಲೋನಜೆಪಾಂ ಅರ್ಧ ಮಿಲಿಗ್ರಾಂ ಅಂದರೆ ಡಯಜೆಪಾಂ ಹತ್ತು ಮಿಲಿಗ್ರಾಂಗೆ ಸುಮಾರು ಸಮ ಎಂದು ವೈದ್ಯರು ಲೆಕ್ಕ ಇಡುತ್ತಾರೆ. ಡಯಜೆಪಾಂ ಅಂದರೆ ನಮ್ಮ ಅಪ್ಪಂದಿರ ಕಾಲದ ಕಾಂಪೋಸ್. ಅರವತ್ತರ ದಶಕದ ಕೊನೆಯಲ್ಲಿ ರ‍್ಯಾನ್‌ಬಾಕ್ಸಿಯವರು ಇಳಿಸಿದ್ದು. ಹಳೇ ಸಿನಿಮಾದಲ್ಲಿ ನಾಯಕಿ ಬಾಟಲಿಯಿಂದ ಅಂಗೈಗೆ ಸುರಿದುಕೊಳ್ಳುತ್ತಿದ್ದಳಲ್ಲ, ಆ ಕುಲ. 1960ರಲ್ಲಿ ಸ್ವಿಟ್ಜರ್ಲೆಂಡಿನ ರೋಶ್ ಕಂಪನಿಯಿಂದ ಲಿಬ್ರಿಯಂ, 1963ರಲ್ಲಿ ವೇಲಿಯಂ ಹೊರಬಂದು ಇಡೀ ಗೋತ್ರ ಬೆಳೆದದ್ದು. ಆಗ ಅಭ್ಯಾಸವಾಗುವುದಿಲ್ಲ ಎಂದೇ ಲೋಕ ನಂಬಿತ್ತು. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಈ ಗೋತ್ರದ ಎಲ್ಲದರ ಮೇಲೂ ಅಭ್ಯಾಸದ ಅಪಾಯವನ್ನು ಕಪ್ಪು ಚೌಕದೊಳಗೆ ಅಚ್ಚು ಹಾಕಿಸಿದರು.

ಮುಳಬಾಗಿಲಿನ ತುಂಡು ಓದಿದಾಗ ನನ್ನ ಬೆರಳು ನಿಂತಿತು. ಟ್ರಮಡಾಲ್. ಪ್ಯಾರಾಸಿಟಮಾಲ್ ಜೊತೆ ಸೇರಿಸಿದ್ದರಿಂದ ಬರೀ ಜ್ವರದ ಮಾತ್ರೆಯ ಹಾಗೆ ಕಾಣುತ್ತದೆ, ಆದರೆ ಟ್ರಮಡಾಲ್ ಅಫೀಮಿನ ಸಂತತಿ. ಅದಕ್ಕೆ ಎರಡೂ ಕಡೆ ಜಗಳ. ಪಾಂ, ಲಾಂ ಜೊತೆ ಸೇರಿದರೆ ಮಂಪರು ಎರಡರಷ್ಟಾಗಿ ನಿದ್ದೆಯಲ್ಲಿ ಉಸಿರೇ ನಿಧಾನವಾಗಬಹುದು. 2016ರಲ್ಲೇ ಅದೇ ನಿಯಂತ್ರಕರು ಈ ಎರಡು ಕುಲ ಕೂಡುವುದರ ಬಗ್ಗೆ ಅದೇ ಕಪ್ಪು ಚೌಕ ಹಾಕಿಸಿದ್ದರು. ರಾಮ್ ಜೊತೆ ಸೇರಿದರೆ ಇನ್ನೊಂದು ತರಹ: ಸಿರೊಟೋನಿನ್ ಮಿತಿಮೀರಿ ಬೆವರು, ನಡುಕ, ಭೇದಿ, ಜ್ವರ, ತಳಮಳ. ಅದನ್ನು ಮತ್ತೆ ಗಾಬರಿ ಕಾಯಿಲೆ ಬಂತೆಂದು ತಿಳಿದು ಇನ್ನೊಂದು ಮಾತ್ರೆ ನುಂಗುವವರೇ ಹೆಚ್ಚು.

ನೆಗಡಿ ಮಾತ್ರೆಯೂ ಮಂಪರಿನದೇ. ಕುದುರೆ ಚಿತ್ರದ ಲೇಹ್ಯವೂ ಅದೇ ದಿಕ್ಕಿಗೆ ನೂಕುವಂಥದ್ದು. "ಅದು ಆಯುರ್ವೇದ, ಏನೂ ಮಾಡಲ್ಲ" ಎಂದರು ಅಕ್ಕ. ಏನೂ ಮಾಡದಿದ್ದರೆ ತಿನ್ನುವುದು ಯಾಕೆ ಎಂದು ನಾನು ಕೇಳಲಿಲ್ಲ, ತವರಿನ ಲೇಹ್ಯ. ಡಾಕ್ಟರಿಗೆ ಹೇಳಿ ಎಂದಷ್ಟೇ ಅಂದೆ.

"ಇನ್ನೊಂದು ಹೇಳ್ಲಾ? ಬಯ್ಯಬಾರ್ದು." ದನಿ ತಗ್ಗಿಸಿದರು. "ಬಾಕ್ಸು ಎಂಬತ್ ರೂಪಾಯಿಗೆ ಹೋದ ದಿನ ನಿಮ್ಮ ಭಾವ ಕ್ವಾರ್ಟರ್ ಹಾಕ್ಕೊಂಡು ಬಂದ್ರು. ಒದ್ದಾಡ್ತಿದ್ರು. ನನ್ನದೇ ಒಂದು ಮಾತ್ರೆ ಕೊಟ್ಟೆ. ಗೊರಕೆ ಹೊಡ್ಕೊಂಡು ಮಲಗಿದ್ರು ಪಾಪ."

ನಾನು ಕಾಳು ಹಿತುಕುವುದು ನಿಲ್ಲಿಸಿದೆ. ಹೆಂಡ, ಈ ಗೋತ್ರ, ಎರಡೂ ಮೆದುಳಿನ ಒಂದೇ ಬ್ರೇಕನ್ನು ತುಳಿಯುತ್ತವೆ. ಆ ಗೊರಕೆ ಸುಖನಿದ್ದೆಯದಲ್ಲದೆಯೂ ಇರಬಹುದಿತ್ತು. ಎಬ್ಬಿಸಿದರೆ ಏಳದ ನಿದ್ದೆ, ಉಸಿರು ಬಿಟ್ಟುಬಿಟ್ಟು ಬರುವುದು, ತುಟಿ ನೀಲಿಯಾಗುವುದು, ಇಂಥದ್ದು ಕಂಡರೆ ನೀರು ಚಿಮುಕಿಸುತ್ತ ಕೂರದೆ 108ಕ್ಕೆ ಫೋನ್ ಮಾಡಬೇಕು ಎಂದು ಹೇಳಿದೆ. ಅಕ್ಕ ಮಾತಾಡಲಿಲ್ಲ. ತಂದ ಮಾತ್ರೆಯನ್ನು ಮನೆಯವರಿಗೆ ಹಂಚುವುದನ್ನು ನಾವು ಸಾಂಬಾರು ಹಂಚಿದ ಹಾಗೆ ಮಾಡುತ್ತೇವೆ, ಪ್ರೀತಿಯಿಂದ.

ಅಂಗಡಿಯವರು ಕೊಟ್ಟದ್ದು ಹೇಗೆ ಎನ್ನುವ ಪ್ರಶ್ನೆಯೂ ಬಂತು. 2014ರ ಮಾರ್ಚಿನಿಂದ ಎಚ್-1 ಎಂಬ ಪಟ್ಟಿ ಜಾರಿಯಲ್ಲಿದೆ. ಆಲ್‌ಪ್ರಜೋಲಾಂ, ಡಯಜೆಪಾಂ, ಜೋಲ್ಪಿಡೆಂ, ಟ್ರಮಡಾಲ್ ಎಲ್ಲ ಅದರಲ್ಲಿವೆ. ಚೀಟಿ ನೋಡಿ, ವೈದ್ಯರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆ ಎಂದು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ನನ್ನ ತಮ್ಮ ಬರೆಯುತ್ತಾನೆ, ಬೈಸಿಕೊಳ್ಳುತ್ತಾನೆ. "ಹಳೇ ಗಿರಾಕಿ, ಚೀಟಿ ಕೇಳ್ತೀಯಾ?" ಎಂದು ಪಕ್ಕದ ಅಂಗಡಿಗೆ ಹೋಗುವವರನ್ನು ಕಣ್ಣಾರೆ ಕಂಡಿದ್ದೇನೆ.

ಅಷ್ಟೂ ಕೇಳಿ ಅಕ್ಕ ಡಬ್ಬಕ್ಕೆ ಎರಡೂ ಕೈಯಲ್ಲಿ ತುಂಡುಗಳನ್ನು ಗುಡಿಸಿ ಹಾಕಿದರು. "ಎಲ್ಲಾ ತಿಪ್ಪೆಗೆ ಸುರೀತೀನಿ. ಇವತ್ತಿಂದ ಒಂದೂ ಬೇಡ."

ಗೋಡೆಯ ಮೇಲಿಂದ ಬಗ್ಗಿ ಕೈ ಹಿಡಿದುಕೊಂಡೆ. ಇದೇ ಕೆಲಸ ಮಾಡಿದವಳು ನಾನು. ಚೆನ್ನಾಗಿದ್ದೇನೆ, ಇನ್ಯಾಕೆ ಎಂದು ಒಂದು ಯುಗಾದಿಗೆ ಎರಡನ್ನೂ ಒಟ್ಟಿಗೆ ಬಿಟ್ಟೆ. ಮೂರನೇ ದಿನ ಕಾಫಿ ಲೋಟ ಹಿಡಿಯಲಾಗದಷ್ಟು ಕೈ ನಡುಕ. ತಲೆ ತಿರುಗಿಸಿದರೆ ಒಳಗೆ ಜುಂ ಎಂದು ಕರೆಂಟ್ ಹೊಡೆದ ಹಾಗೆ. ಕಾಯಿಲೆ ಎರಡರಷ್ಟಾಗಿ ವಾಪಸು ಬಂತೆಂದು ಅತ್ತೆ. ಕಾಯಿಲೆ ಬಂದಿರಲಿಲ್ಲ, ಮಾತ್ರೆ ಹೋಗಿತ್ತು. ಪಾಂ, ಲಾಂ ತಿಂಗಳುಗಟ್ಟಲೆ ತಗೊಂಡು ದಿಢೀರನೆ ಬಿಟ್ಟರೆ ಫಿಟ್ಸ್ ಕೂಡ ಬರಬಹುದು ಎಂದು ಆಮೇಲೆ ಬೈಸಿಕೊಂಡೆ. ಇಳಿಯುವುದಕ್ಕೂ ಮೆಟ್ಟಿಲು ಬೇಕು, ಕಾಲು ಮಾತ್ರೆ, ಕೆಲವು ವಾರ, ಇನ್ನು ಕಾಲು. ಆ ಮೆಟ್ಟಿಲು ಕಟ್ಟುವವರು ವೈದ್ಯರು. ಮೇಡಮ್ಮೋರೂ ಅಲ್ಲ, ಮೇಡಮ್ಮೋರ ತಮ್ಮನೂ ಅಲ್ಲ.

"ಹಾಗಾದ್ರೆ ಈ ರಾತ್ರಿ ಏನ್ ಮಾಡ್ಲಿ?"

ನ್ಯಾಯವಾದ ಪ್ರಶ್ನೆ. ಅದಕ್ಕೆ ನನ್ನ ಗೋತ್ರಜ್ಞಾನ ಸಾಲದು. ಕೋಲಾರದ ಆ ವೈದ್ಯರಿಗೆ ಫೋನ್ ಮಾಡಿದೆವು, ಸಂಜೆಗೇ ಬನ್ನಿ ಎಂದರು. ಅವರು ಸಿಗದಿದ್ದರೆ 14416 ಇದ್ದೇ ಇತ್ತು. ಟೆಲಿ ಮಾನಸ್, 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ, ನಿಮ್ಹಾನ್ಸ್ ಅದರ ಮೂಲಸ್ಥಾನ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮುಳಬಾಗಿಲಿನ ಅವರಕ್ಕನಿಗೂ ಇದೇ ತೊಂದರೆ ಶುರುವಾಗಿದೆಯಂತೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಎಂಬ ಸರ್ಕಾರಿ ಯೋಜನೆ ಇದೆ, ವಿಚಾರಿಸಿ ಎಂದೆ. "ಮಂಗಳವಾರ ಅವಳು ಆಂಜನೇಯನ್ನ ಬಿಡಲ್ಲ" ಎಂದರು. ದರ್ಶನ ಮುಗಿಸಿಕೊಂಡು ಹೋಗಲಿ.

ಸಂಜೆ ಡಬ್ಬವನ್ನು ಕುದುರೆ ಬಾಟಲಿ ಸಮೇತ ಬಟ್ಟೆ ಚೀಲದಲ್ಲಿ ಹಾಕಿಕೊಂಡು ಹೋದೆವು. ವೈದ್ಯರು ಟೇಬಲ್ ಮೇಲೆ ಸುರಿದುಕೊಂಡು, ನಾನು ಮಧ್ಯಾಹ್ನ ಮಾಡಿದ ಕೆಲಸವನ್ನೇ ಎರಡು ನಿಮಿಷದಲ್ಲಿ ಮಾಡಿದರು. ಗೋತ್ರದ ವಿಷಯ ಅಕ್ಕ ಹೇಳಿದಾಗ ನಕ್ಕರು, ತಪ್ಪು ಅನ್ನಲಿಲ್ಲ. ಟ್ರಮಡಾಲ್ ಬೇಡ, ಮಂಡಿಗೆ ಬರೀ ಪ್ಯಾರಾಸಿಟಮಾಲ್ ಮತ್ತು ವ್ಯಾಯಾಮ. ಅಂಗಡಿಯ ಬೇರೆ ನೋವಿನ ಮಾತ್ರೆ ತಾವಾಗಿ ತಗೋಬೇಡಿ, ಎಸಿಟಲೋಪ್ರಾಂ ಜೊತೆ ಹೊಟ್ಟೆಯಲ್ಲಿ ರಕ್ತಸ್ರಾವದ ಭಯ ಇರುತ್ತದೆ ಎಂದರು. ಜೋಡಿ ಮಾತ್ರೆ ಬಿಡಿಸಿ ರಾಮ್ ಬೇರೆ, ಪಾಂ ಬೇರೆ ಬರೆದರು. ಲಾಂ ಇಳಿಸುವ ಲೆಕ್ಕ ತಾರೀಖು ಹಾಕಿ, ಅಕ್ಕ ಕೇಳಿದ್ದಕ್ಕೆ ಕನ್ನಡದಲ್ಲೇ, ಒಂದೇ ಹಾಳೆಯಲ್ಲಿ. "ರಾತ್ರಿ ಬಚ್ಚಲಿಗೆ ಹೋಗುವಾಗ ಲೈಟ್ ಹಾಕ್ಕೊಳ್ಳಿ, ಈ ವಯಸ್ಸಲ್ಲಿ ಈ ಮಾತ್ರೆ ಬೀಳಿಸುತ್ತೆ" ಎಂದೂ ಸೇರಿಸಿದರು. ಆ ಹಾಳೆ ಈಗ ಒಂಟಿಕೊಪ್ಪಲ್ ಕ್ಯಾಲೆಂಡರ್ ಪಕ್ಕದ ಮೊಳೆಗೆ ನೇತಾಡುತ್ತಿದೆ. ಮಾಲೂರಿಗೆ ಹೋದರೂ ಮುಳಬಾಗಿಲಿಗೆ ಹೋದರೂ ಅದೂ ಪರ್ಸಿನಲ್ಲಿ ಹೋಗುತ್ತದೆ. ಬೀಗರಿಗೆ ಗೊತ್ತಾಯಿತಂತೆ. ಬೀಗಿತ್ತಿಯೂ ಒಂದು ಲಾಂ ನುಂಗುತ್ತಿದ್ದರಂತೆ.

ಸಂಕ್ರಾಂತಿ ಬಂತು. ರಂಗೋಲಿ ಇನ್ನೂ ಹನ್ನೊಂದು ಚುಕ್ಕಿಗೇ ನಿಂತಿದೆ, ಎಳೆ ಒಂದೆರಡು ಕಡೆ ಅಲುಗುತ್ತದೆ, ಆದರೆ ಮೋರಿ ಕಡೆ ಹೋಗುವುದಿಲ್ಲ. ಭಾವನ ಕ್ವಾರ್ಟರ್ ನಿಂತಿಲ್ಲ. ಅಕ್ಕ ಮಾತ್ರೆಗಳನ್ನು ಬೀರುವಿನಲ್ಲಿಟ್ಟು ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾರೆ.

ಎಳ್ಳಿನ ಜೊತೆ ಗೋಡೆಯ ಮೇಲೆ ಅದೇ ಬಿಸ್ಕತ್ತಿನ ಡಬ್ಬ ಬಂತು, ತುಂಬ ಚಕ್ಕುಲಿ. ಕೈ ಹಾಕಿದರೆ ಚಕ್ಕುಲಿಗೆ ಅಂಟಿಕೊಂಡು ಒಂದು ಬೆಳ್ಳಿ ತುಂಡು, ಒಂಟಿ ಮಾತ್ರೆಯದು.

"ಯಾವ ಗೋತ್ರ ನೋಡಿ ಮೇಡಮ್ಮೋರೆ."

ತಿರುಗಿಸಿ ನೋಡಿದೆ. ಹೆಸರಿನ ಭಾಗ ಅದರಲ್ಲಿರಲಿಲ್ಲ. ತಾರೀಖಿತ್ತು, ಮುಗಿದು ಎರಡು ವರ್ಷವಾಗಿತ್ತು.